‘ಅಂತೆ’ ಕಂಡಲ್ಲೆಲ್ಲ ಉಪಮೆಯಿಲ್ಲ

ಏಳನೆಯ ತರಗತಿಯ ಕಿರುಪರೀಕ್ಷೆಯೊಂದರಲ್ಲಿ ‘ಗಾಳಿ ಜೋರಾಗಿದೆ, ನಾಳೆ ದೋಣಿಗಳು ಕಡಲಿಗೆ ಇಳಿಯುವುದಿಲ್ಲವಂತೆ’ ಎಂಬ ವಾಕ್ಯವನ್ನು ಕೊಟ್ಟು, ಇದರಲ್ಲಿ ಅಲಂಕಾರವಿದೆಯೇ ಎಂದು ಕೇಳಿದ್ದೆ. ಬಹುಪಾಲು ಮಕ್ಕಳು ಒಂದನ್ನು ಇನ್ನೊಂದಕ್ಕೆ ಹೋಲಿಸುವ ‘ಉಪಮಾಲಂಕಾರ’ ಎಂದು ಬರೆದು, ಉಪಮಾವಾಚಕದ (ಹೋಲಿಕೆಯನ್ನು ಸೂಚಿಸುವ ಪದದ) ಎದುರು ‘ಅಂತೆ’ ಎಂದು ತುಂಬಿ, ಉಪಮೇಯದ (ಹೋಲಿಸಲ್ಪಡುವ ವಸ್ತುವಿನ) ಜಾಗದಲ್ಲಿ ದೋಣಿಯನ್ನೂ ಉಪಮಾನದ (ಯಾವುದಕ್ಕೆ ಹೋಲಿಸುತ್ತೇವೆಯೋ ಅದರ) ಜಾಗದಲ್ಲಿ ಕಡಲನ್ನೂ ಕೂರಿಸಿದ್ದರು. ಬೇರೆಯವರಿಂದ ಕೇಳಿದ ಸುದ್ದಿಯನ್ನು ದಾಟಿಸುವ ‘ಅಂತೆ’ಯನ್ನು ದಿನಕ್ಕೆ ಹತ್ತಾರು ಸಲ ಆಡುವ ಮಕ್ಕಳು ಅದನ್ನೇ ಹಾಳೆಯ ಮೇಲೆ ಗುರುತಿಸಲಾರದೆ ಹೋದದ್ದು ದಡ್ಡತನದಿಂದಲ್ಲ. ‘ಅಂತೆ, ಹಾಗೆ, ವೊಲ್, ತೆರದಿ ಎಂದು ಬಂದರೆ ಉಪಮೆ’ ಎಂಬ ಸಾಲನ್ನು ಕರಿಹಲಗೆಯ ಮೇಲೆ ಬರೆದವಳು ನಾನೇ. ‘ಗುರುಗಳು ಹೇಳಿದಂತೆ ಮಾಡಿದನು’, ‘ಬೇಗ ಬರುವಂತೆ ಹೇಳು’ ಎಂಬಲ್ಲಿಯೂ ಅಂತೆಯಿದೆ, ಹೋಲಿಕೆಯ ಸೊಗಸು ಮಾತ್ರ ಇಲ್ಲ.

ಆ ಉತ್ತರಪತ್ರಿಕೆಗಳನ್ನು ತಿದ್ದಿದ ಮೇಲೆ, ಗುರುತಿನ ಪದದಿಂದ ಪಾಠವನ್ನು ಆರಂಭಿಸುವುದನ್ನು ಬಿಟ್ಟು ಸಮಾನಧರ್ಮದಿಂದ, ಅಂದರೆ ಎರಡರಲ್ಲಿಯೂ ಇರುವ ಸಮಾನ ಗುಣದಿಂದ ಆರಂಭಿಸುತ್ತಿದ್ದೇನೆ. ಪೂರ್ಣೋಪಮೆಗೆ ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂಬ ನಾಲ್ಕು ಅಂಗಗಳಿವೆಯೆಂದು ನಾವೆಲ್ಲರೂ ಕಲಿಸುತ್ತೇವಾದರೂ, ನಾಲ್ಕನೆಯದನ್ನು ಪಟ್ಟಿಯ ಕೊನೆಗೆ ತಳ್ಳಿ ಗಂಟೆ ಹೊಡೆಯುವ ಹೊತ್ತಿಗೆ ಅವಸರದಲ್ಲಿ ಮುಗಿಸುತ್ತೇವೆ. ಹೋಲಿಕೆಯ ಜೀವವಿರುವುದು ಅಲ್ಲಿಯೇ. ‘ಮುಖವು ಕಮಲದಂತೆ ಅರಳಿತು’ ಎಂಬ ರೂಢಿಯ ಉದಾಹರಣೆಯಲ್ಲಿ ಸಮಾನಧರ್ಮ ಯಾವುದೆಂದು ಕೇಳಿದರೆ ‘ಸೌಂದರ್ಯ’ ಎಂಬ ಉತ್ತರವೇ ಹೆಚ್ಚು ಬರುತ್ತದೆ. ಅರಳುವಿಕೆ ಎಂಬುದು ವಾಕ್ಯದಲ್ಲಿಯೇ ಇದ್ದರೂ, ಬೆಳಗಿನ ಹೊತ್ತು ಕೆರೆಯ ದಂಡೆಯಲ್ಲಿ ನಿಂತು ಕಮಲ ಅರಳುವುದನ್ನು ನೋಡದ ಮಗುವಿನ ಕಣ್ಣಿಗೆ ಅದು ಬೀಳುವುದಿಲ್ಲ.

ಆದ್ದರಿಂದ ಕುಮಟೆಯ ಕಡೆ ಕಲಿಸುವಾಗ ಮಕ್ಕಳು ಕಂಡದ್ದನ್ನೇ ಕೇಳಿದೆ. ಅಘನಾಶಿನಿಯ ಅಳಿವೆಯ ಸಮೀಪದಿಂದ ಬರುತ್ತಿದ್ದ ಹುಡುಗನೊಬ್ಬ ‘ಇಳಿತದ ಹೊತ್ತಿನಲ್ಲಿ ದೋಣಿಯು ಎಮ್ಮೆಯಂತೆ ಕೆಸರಿನಲ್ಲಿ ಬಿದ್ದಿತ್ತು’ ಎಂದು ಬರೆದ. ದೋಣಿ ಉಪಮೇಯ, ಎಮ್ಮೆ ಉಪಮಾನ, ಅಂತೆ ವಾಚಕ, ಕೆಸರಿನಲ್ಲಿ ಬಿದ್ದಿರುವುದು ಸಮಾನಧರ್ಮ. ಅನಂತರ ಆ ಸಮಾನಧರ್ಮವನ್ನು ಅಳಿಸಿ ‘ದೋಣಿಯು ಎಮ್ಮೆಯಂತಿತ್ತು’ ಎಂದಷ್ಟೇ ಉಳಿಸಿ, ಯಾವುದರಲ್ಲಿ ಎಂದು ಕೇಳಿದೆ. ಬಣ್ಣದಲ್ಲಿ ಎಂದಳು ಒಬ್ಬಳು; ಭಾರದಲ್ಲಿ ಎಂದ ಇನ್ನೊಬ್ಬ; ನೂಕಿದರೂ ಏಳದಿರುವುದರಲ್ಲಿ ಎಂದು ಹಿಂದಿನ ಬೆಂಚಿನಿಂದ ಧ್ವನಿ ಬಂತು. ಅಂಗವೊಂದು ಬಿಟ್ಟುಹೋದ ಲುಪ್ತೋಪಮೆಯೆಂದರೆ ಏನು ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ. ಇದೇ ಪ್ರಶ್ನೆಯನ್ನು ‘ಇಳಿಯುವುದಿಲ್ಲವಂತೆ’ ಎಂಬ ವಾಕ್ಯದ ಮುಂದೆ ಇಟ್ಟಾಗ, ಯಾವುದು ಯಾವುದಕ್ಕೆ ಸಮಾನ ಎಂದು ಕ್ಷಣಕಾಲ ಹುಡುಕಿ, ಏನೂ ಸಿಗದೆ, ಮಕ್ಕಳು ತಾವೇ ನಕ್ಕುಬಿಟ್ಟರು.

ಉಪಮೆಯಿಂದ ರೂಪಕಕ್ಕೆ ದಾಟಿಸುವುದು ಕಷ್ಟವೆಂದು ಅನೇಕ ಶಿಕ್ಷಕರು ಹೇಳುತ್ತಾರೆ. ‘ಉಪಮೇಯ ಉಪಮಾನಗಳಲ್ಲಿ ಅಭೇದವನ್ನು ಕಲ್ಪಿಸಿ ಹೇಳುವುದು’ ಎಂಬ ಲಕ್ಷಣದಲ್ಲಿರುವ ‘ಅಭೇದ’ ಎಂಬ ಪದ ಹನ್ನೆರಡರ ಪ್ರಾಯದ ಮಕ್ಕಳಿಗೆ ಬಾಯಿಪಾಠವಾಗುತ್ತದೆಯೇ ಹೊರತು ಅರ್ಥವಾಗುವುದಿಲ್ಲ. ಆದರೆ ನಮ್ಮ ಜಿಲ್ಲೆಯ ಮಕ್ಕಳಿಗೆ ಯಕ್ಷಗಾನದ ಚೌಕಿ, ಅಂದರೆ ವೇಷ ಕಟ್ಟಿಕೊಳ್ಳುವ ಬಣ್ಣದ ಮನೆ, ಗೊತ್ತು. ಅರ್ಧ ಬಣ್ಣ ಹಚ್ಚಿಕೊಂಡು ಚಹಾ ಕುಡಿಯುತ್ತ ಕುಳಿತ ವ್ಯಕ್ತಿ ಊರಿನವರ ಪರಿಚಯದವನೇ. ಅವನೇ ಕಿರೀಟ ಕಟ್ಟಿಕೊಂಡು ರಂಗಸ್ಥಳಕ್ಕೆ ಬಂದಾಗ ‘ಕೌರವನಂತೆ ಒಬ್ಬ ಬಂದ’ ಎಂದು ಯಾರೂ ಹೇಳುವುದಿಲ್ಲ, ‘ಕೌರವ ಬಂದ’ ಎನ್ನುತ್ತಾರೆ. ಆ ಇಬ್ಬರೂ ಬೇರೆಯೆಂದು ಗೊತ್ತಿದ್ದೇ ಒಂದೆಂದು ಒಪ್ಪಿಕೊಳ್ಳುವ ಆಟವೇ ಅಭೇದ. ಇದು ನಾನು ಕಟ್ಟಿದ ಹೋಲಿಕೆಯಲ್ಲ. ಸಂಸ್ಕೃತದಲ್ಲಿ ನಾಟಕಕ್ಕೂ ರೂಪಕವೆಂಬ ಹೆಸರಿರುವುದು ನಟನ ಮೇಲೆ ಪಾತ್ರದ ರೂಪವನ್ನು ಆರೋಪಿಸುವುದರಿಂದಲೇ. ಇಷ್ಟಾದ ಮೇಲೆ ‘ದೋಣಿಯೆಂಬ ಎಮ್ಮೆಯು ಕೆಸರಿನಲ್ಲಿ ಮಲಗಿದೆ’ ಎಂದು ವಾಕ್ಯವನ್ನು ತಿರುಗಿಸಲು ಮಕ್ಕಳಿಗೆ ತಡವಾಗಲಿಲ್ಲ. ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂದು ಕರೆಯುವುದೇಕೆಂಬುದನ್ನು ತಿಳಿಸಲು ಇದೇ ಸರಿಯಾದ ಹೊತ್ತು.

ಇಲ್ಲದ್ದನ್ನು ಇದೆಯೇನೋ ಎಂಬಂತೆ ಕಲ್ಪಿಸುವ ಉತ್ಪ್ರೇಕ್ಷಾಲಂಕಾರದ ಪಾಠವನ್ನು ಮಾತ್ರ ನಾನು ಯೋಜಿಸಿರಲಿಲ್ಲ. ‘ಅಕ್ಕೋರೇ, ಎಮ್ಮೆ ತಂಪಿಗೆ ಅಂತ ಕೆಸರಿಗೆ ಇಳೀತದೆ, ದೋಣಿಗೆ ಎಂತಕ್ಕೆ?’ ಎಂದು ಹುಡುಗಿಯೊಬ್ಬಳು ಕೇಳಿದಳು. ದೋಣಿ ಕೆಸರಿನಲ್ಲಿ ಕೂತದ್ದು ನೀರು ಇಳಿದದ್ದರಿಂದ. ಆದರೆ ಇಲ್ಲದ ಕಾರಣವೊಂದನ್ನು ಕವಿ ಕಲ್ಪಿಸಿ ಹೇಳಬಹುದಲ್ಲವೇ ಎಂದೆ. ‘ಬಿಸಿಲಿಗೆ ಕಾದ ಬೆನ್ನನ್ನು ತಣಿಸಿಕೊಳ್ಳಲೆಂದೇ ದೋಣಿಯು ಕೆಸರಿಗೆ ಇಳಿದಿದೆಯೋ ಎಂಬಂತಿತ್ತು’ ಎಂಬ ವಾಕ್ಯವು ಎಲ್ಲರೂ ಸೇರಿ ಕಟ್ಟಿದ್ದು. ಇಲ್ಲಿಯೂ ಕೊನೆಯಲ್ಲಿ ‘ಅಂತೆ’ ಕುಳಿತಿದೆ. ಗುರುತಿನ ಪದವನ್ನು ನಂಬಿದವರು ಇದನ್ನೂ ಉಪಮೆಗೇ ಸೇರಿಸಿಬಿಡುತ್ತಾರೆ.

ಶಿರಸಿಗೆ ಬಂದ ಮೇಲೆ ಉದಾಹರಣೆಗಳು ಅಡಿಕೆ ತೋಟಕ್ಕೆ ಸರಿದವು. ಒಬ್ಬ ಹುಡುಗ ‘ಕೊನೆಗೌಡನು ಮಂಗನಂತೆ ಮರದಿಂದ ಮರಕ್ಕೆ ದಾಟಿದನು’ ಎಂದು ಬರೆದು ಗಟ್ಟಿಯಾಗಿ ಓದಿದ. ಕೊನೆಗೌಡನೆಂದರೆ ಮರವೇರಿ ಅಡಿಕೆಯ ಗೊನೆ ಕೊಯ್ಯುವವನು. ಲಕ್ಷಣದ ಪ್ರಕಾರ ಅದರಲ್ಲಿ ಕೊರತೆಯೇನೂ ಇಲ್ಲ. ಆದರೆ ಕೊನೆ ಕೊಯ್ಯುವವರ ಮನೆಯ ಹುಡುಗ ಅದೇ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ. 9ನೆಯ ಶತಮಾನದ ಕವಿರಾಜಮಾರ್ಗಕ್ಕೆ ಮುಖ್ಯ ಆಧಾರವಾದ ಸಂಸ್ಕೃತದ ಕಾವ್ಯಾದರ್ಶದಲ್ಲಿ ಆಲಂಕಾರಿಕ ದಂಡಿಯು, ಉಪಮಾನವು ಹೀನವಾಗಿದ್ದ ಮಾತ್ರಕ್ಕೆ ಅದು ದೋಷವಲ್ಲ, ಬಲ್ಲವರಿಗೆ ಉದ್ವೇಗವಾಗದಿದ್ದರೆ ಸಾಕು ಎಂಬ ಅರ್ಥದ ಮಾತನ್ನು ಹೇಳಿದ್ದಾನೆ. ತರಗತಿಯಲ್ಲಿ ಆ ಉದ್ವೇಗ ಯಾರಿಗಾಯಿತು ಎಂಬುದನ್ನು ನೋಡಬೇಕಾದವರು ನಾವು. ಯಾರ ಹೆಸರನ್ನೂ ಎತ್ತದೆ, ಆ ಕೆಲಸದಲ್ಲಿ ಕಾಣುವ ಗುಣಗಳನ್ನೆಲ್ಲ ಹೇಳಿ ಎಂದೆ. ಎತ್ತರ, ಹಗ್ಗ, ತೂಗಾಟ, ಹಿಡಿತ ಎಂದು ಪಟ್ಟಿ ಬೆಳೆಯಿತು. ತಲೆ ತಗ್ಗಿಸಿದ್ದ ಹುಡುಗನೇ ಕೊನೆಗೆ ‘ಜೇಡನಂತೆ’ ಎಂದ. ಸಮಾನಧರ್ಮವನ್ನು ಮೊದಲು ಹುಡುಕಿ ಉಪಮಾನವನ್ನು ಆಮೇಲೆ ಆರಿಸುವ ಈ ಕ್ರಮವನ್ನು ನಾನು ಕಲಿತದ್ದು ಅಂದು.

ದೃಷ್ಟಾಂತಾಲಂಕಾರಕ್ಕೆ ಗಾದೆಗಳು ಸಾಕು. ಎರಡು ವಾಕ್ಯಗಳು ವಾಚಕವಿಲ್ಲದೆ ಬಿಂಬ ಪ್ರತಿಬಿಂಬಗಳಾಗಿ ನಿಲ್ಲುವುದನ್ನು ತೋರಿಸಿದರೆ ಆಯಿತು. ಒಂದೇ ಪದದಿಂದ ಎರಡು ಅರ್ಥ ಹೊರಡಿಸುವ ಶ್ಲೇಷೆಯನ್ನು ಈ ವಯಸ್ಸಿನಲ್ಲಿ ಅವಸರಿಸಬಾರದೆಂಬುದು ನನ್ನ ಅಭಿಪ್ರಾಯ.

ಶಬ್ದಾಲಂಕಾರ ಮತ್ತು ಅರ್ಥಾಲಂಕಾರಗಳ ಭೇದಕ್ಕೆ ಕಾರವಾರದ ಕಡೆಯ ತರಗತಿಗಳಲ್ಲಿ ಒಂದು ಅನುಕೂಲವಿದೆ. ಪದವನ್ನು ಬದಲಿಸಿದರೂ ಉಳಿಯುವುದು ಅರ್ಥಾಲಂಕಾರ, ಬದಲಿಸಿದರೆ ಅಳಿಯುವುದು ಶಬ್ದಾಲಂಕಾರ ಎಂಬುದು ಹಳೆಯ ಒರೆಗಲ್ಲು. ಮನೆಯಲ್ಲಿ ಕೊಂಕಣಿಯಾಡುವ ಮಕ್ಕಳಿಗೆ ‘ಮೀನಿನ ಮಾರುಕಟ್ಟೆಯಲ್ಲಿ ಮುಂಜಾನೆ ಮಾತೇ ಮಾತು’ ಎಂಬ, ಒಂದೇ ಅಕ್ಷರ ಮರುಕಳಿಸುವ ಅನುಪ್ರಾಸದ ಸಾಲನ್ನೂ ದೋಣಿಯ ಉಪಮೆಯನ್ನೂ ಕೊಟ್ಟು, ಎರಡನ್ನೂ ಮನೆಮಾತಿಗೆ ತಿರುಗಿಸಿ ಎಂದೆ. ಮೀನು ‘ನುಸ್ತೆ’ಯಾಗಿ, ಮುಂಜಾನೆ ‘ಸಕಾಳ’ವಾಗಿ ಮಕಾರಗಳು ಒಂದೊಂದಾಗಿ ಉದುರಿಹೋದವು; ಎಮ್ಮೆ ಮಾತ್ರ ಕೊಂಕಣಿಯಲ್ಲಿಯೂ ಕೆಸರು ಬಿಟ್ಟು ಏಳಲಿಲ್ಲ.