ಗಗನಚುಂಬಿ ಯಾವ ಕುಲಕ್ಕೆ ಸೇರಿದ್ದು?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ತೋಟಗಳಲ್ಲಿ ಅಡಿಕೆ ಕೊಯ್ಯುವವರು ಒಂದು ಮರದಿಂದ ಇಳಿಯದೆಯೇ ಇನ್ನೊಂದಕ್ಕೆ ದಾಟುತ್ತಾರೆ. ಕಾಲಿಗೆ ತಳೆ ಹಾಕಿ ಮೇಲೇರಿದವನು ಮೈಯ ಭಾರವನ್ನು ಹಿಂದೆ ಮುಂದೆ ತೂಗಿ ಮರವನ್ನು ಬಾಗಿಸುತ್ತಾನೆ, ಪಕ್ಕದ ಮರ ಕೈಗೆಟುಕಿದ ಕ್ಷಣದಲ್ಲಿ ಅದನ್ನು ಹಿಡಿದು ಹಿಂದಿನದನ್ನು ಬಿಟ್ಟುಬಿಡುತ್ತಾನೆ. ಬಿಟ್ಟ ಮರ ಹಲವು ಸಲ ತೂಗಿ ನಿಲ್ಲುತ್ತದೆ. ಈಗ, ಮನುಷ್ಯರ ವಿಷಯವನ್ನೇ ಅರಿಯದ ಒಬ್ಬ ನಿಸರ್ಗಶಾಸ್ತ್ರಜ್ಞ ಟಿಪ್ಪಣಿ ಪುಸ್ತಕ ಹಿಡಿದು ದುಬೈಗೆ ಹೋದನೆನ್ನಿ (ನಮ್ಮ ಜಿಲ್ಲೆಯ ಎಷ್ಟೋ ಮನೆಗಳವರು ಹೋಗಿದ್ದಾರೆ, ಅವನೂ ಹೋಗಲಿ). ಅಲ್ಲಿನ ಗಗನಚುಂಬಿಗಳನ್ನು ಜೀವಿಗಳೆಂದೇ ಬಗೆದರೆ, ಅವನು ಅವುಗಳನ್ನು ಯಾವ ಕುಲಕ್ಕೆ ಸೇರಿಸಿಯಾನು? ಅಡಿಕೆಯ ಕುಲಕ್ಕೆಂದು ನನ್ನ ಊಹೆ.

ಅವನು ಮೊದಲು ಹುಡುಕುವುದು ಎಲುಬನ್ನು. ನಮ್ಮ ಮುರಕಲ್ಲಿನ ಮನೆ ಏಡಿಯ ಹಾಗೆ. ಹೊರಚಿಪ್ಪೇ ಭಾರ ಹೊರುತ್ತದೆ. ಷಿಕಾಗೋ ನಗರದ ಮೊನಾಡ್‌ನಾಕ್ ಕಟ್ಟಡದ 1891ರ ಭಾಗವೂ ಇದೇ ಜಾತಿಯದು: 16 ಅಂತಸ್ತುಗಳನ್ನು ಹೊರಲು ಬುಡದಲ್ಲಿ ಇಟ್ಟಿಗೆಯ ಗೋಡೆ ಸುಮಾರು 1.8 ಮೀಟರ್ ದಪ್ಪವಾಗಬೇಕಾಯಿತು. ಅದೇ ಊರಿನಲ್ಲಿ 1885ರಲ್ಲೇ ಎದ್ದಿದ್ದ 10 ಅಂತಸ್ತಿನ ಹೋಮ್ ಇನ್ಶೂರೆನ್ಸ್ ಕಟ್ಟಡದಲ್ಲಾದರೋ ಹೆಚ್ಚಿನ ಭಾರ ಲೋಹದ ಚೌಕಟ್ಟಿನದಾಗಿತ್ತು. ಎಲುಬು ಒಳಗೆ ಸರಿದ ಮೇಲೆ ಗೋಡೆ ಬರೀ ಚರ್ಮ.

ಆಮೇಲೆ ಗಾಳಿ. ಎತ್ತರದ ವಸ್ತುವನ್ನು ಬಳಸಿ ಹೋಗುವ ಗಾಳಿ ಅದರ ಬೆನ್ನಿನಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿಗಳನ್ನು ಕಳಚುತ್ತದೆ, ಪ್ರತಿಯೊಂದು ಸುಳಿಯೂ ಕಟ್ಟಡವನ್ನು ಅಡ್ಡಕ್ಕೆ ಎಳೆಯುತ್ತದೆ. ಈ ಎಳೆತದ ಲಯ ಕಟ್ಟಡದ ಸಹಜ ತೂಗಾಟದ ಲಯಕ್ಕೆ ಕೂಡಿಬಂದರೆ, ಕೊಯ್ಯುವವನ ಭಾರಕ್ಕೆ ಅಡಿಕೆ ಮರ ಹೆಚ್ಚು ಹೆಚ್ಚು ಬಾಗುವಂತೆಯೇ, ಓಲಾಟ ಬೆಳೆಯುತ್ತಾ ಹೋಗುತ್ತದೆ. 2010ರಲ್ಲಿ ತೆರೆದ, 828 ಮೀಟರ್ ಎತ್ತರದ ಬುರ್ಜ್ ಖಲೀಫಾದ ಮೂರು ರೆಕ್ಕೆಗಳು ಮೇಲೇರಿದಂತೆ ಬೇರೆ ಬೇರೆ ಎತ್ತರದಲ್ಲಿ ಹಿಂದೆ ಸರಿಯುವುದರಿಂದ, ಸುಳಿಗಳೆಲ್ಲ ಒಂದೇ ತಾಳಕ್ಕೆ ಬೀಳಲಾರವು. 508 ಮೀಟರಿನ ತೈಪೆ 101 ಬೇರೆ ಉಪಾಯ ಹೂಡಿದೆ: ಅದರ ಮೇಲಂತಸ್ತುಗಳಲ್ಲಿ ತೂಗುಬಿಟ್ಟ 660 ಟನ್ನಿನ ಉಕ್ಕಿನ ಗುಂಡು ಕಟ್ಟಡಕ್ಕೆ ಎದುರಾಗಿ ಓಲಾಡಿ ತೂಗಾಟದ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಅಡಿಕೆಯ ಸೋಗೆಗಳು ಗಾಳಿಯಲ್ಲಿ ಅಲ್ಲಾಡುತ್ತಾ ಮಾಡುವ ಕೆಲಸವೂ ಸ್ವಲ್ಪಮಟ್ಟಿಗೆ ಇಂಥದೇ. ವ್ಯತ್ಯಾಸವೆಂದರೆ, ಮರಕ್ಕೆ ತಲೆ ಸುತ್ತುವುದಿಲ್ಲ, 90ನೇ ಅಂತಸ್ತಿನಲ್ಲಿ ಕೂತವರಿಗೆ ಸುತ್ತುತ್ತದೆ.

ರಕ್ತಸಂಚಾರದ ಸ್ಥಾನದಲ್ಲಿ ಲಿಫ್ಟ್ ಇದೆ. ಸುಮಾರು 500 ಮೀಟರ್ ದಾಟಿದರೆ ಉಕ್ಕಿನ ಹಗ್ಗಕ್ಕೆ ತನ್ನ ತೂಕವೇ ಹೊರೆಯಾಗುತ್ತದೆ. ಅತಿ ಎತ್ತರದ ಮರಗಳಿಗೆ ತುದಿಯವರೆಗೆ ನೀರೆಳೆಯುವುದು ಕಷ್ಟವಾಗುವುದೂ ಇದೇ ಬಗೆಯ ಮಿತಿ.

ಆದರೆ ನನ್ನ ಊಹೆಗೆ ಮುಖ್ಯ ಆಧಾರ ಬೆಳೆಯುವ ರೀತಿ. ಹಲಸು, ಮಾವುಗಳ ತೊಗಟೆಯ ಅಡಿಯಲ್ಲಿ ಹೊಸ ಕೋಶಗಳನ್ನು ಹುಟ್ಟಿಸುವ ಪದರವೊಂದಿದೆ. ಆದ್ದರಿಂದ ಅವುಗಳ ಕಾಂಡ ವರ್ಷ ವರ್ಷವೂ ದಪ್ಪವಾಗುತ್ತದೆ, ಗಾಯ ಅಂಚಿನಿಂದ ಮುಚ್ಚುತ್ತಾ ಬರುತ್ತದೆ. ಅಡಿಕೆಗೆ ಆ ಪದರವಿಲ್ಲ. ಕಟ್ಟಡದ ಅಡಿಪಾಯದಂತೆ ಬುಡದ ಗಾತ್ರ ಎಳವೆಯಲ್ಲೇ ನಿಶ್ಚಯವಾಗಿ, ಆಮೇಲೆ ಕೂಡುವುದು ಎತ್ತರವೊಂದೇ. ಕಾಂಡಕ್ಕೆ ಬಿದ್ದ ಗಾಯ ಮರ ಇರುವಷ್ಟು ಕಾಲ ಗಾಯವಾಗಿಯೇ ಉಳಿಯುತ್ತದೆ. ಹಾಗಾಗಿ ನೈಋತ್ಯದ ಬಿಸಿಲು ನೇರ ತಾಗುವ ಮರಗಳಿಗೆ ನಮ್ಮಲ್ಲಿ ಹಾಳೆಯನ್ನೋ ಸೋಗೆಯನ್ನೋ ಸುತ್ತಿ ಕಟ್ಟುತ್ತಾರೆ, ಇಲ್ಲವೇ ಸುಣ್ಣ ಬಳಿಯುತ್ತಾರೆ. ಕಾಸರಗೋಡು ಪೇಟೆಯ ಹೊಸ ಫ್ಲ್ಯಾಟ್‌ಗಳಲ್ಲಿ ಪಡುವಣ ದಿಕ್ಕಿನ ಬಾಲ್ಕನಿಗಳಿಗೆ ಹಸಿರು ನೆಟ್ ಬಿಗಿದಿರುವುದನ್ನು ಕಂಡಾಗಲೆಲ್ಲ ನನಗೆ ಆ ಹಾಳೆಗಳ ನೆನಪಾಗುತ್ತದೆ.