ಮೊದಲು ನೀರು, ಆಮೇಲೆ ಗಾಡಿ

ಹಾಸನವನ್ನು ಬಡವರ ಊಟಿ ಎಂದು ಕರೆಯುವುದು ನಮ್ಮಲ್ಲಿ ರೂಢಿ. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದ್ದು, ಪಶ್ಚಿಮಕ್ಕೆ ಮಲೆನಾಡನ್ನು ಒತ್ತಿಕೊಂಡಿರುವ ಊರಿನ ಜನ, ಬಿಸಿಲಾಘಾತವೆಂಬುದು ಕಲಬುರಗಿ, ರಾಯಚೂರಿನ ಕಡೆಯ ಕಾಯಿಲೆ ಎಂದು ತಿಳಿದಿರುವುದು ಸಹಜವೇ. ವೈದ್ಯನಾಗಿ ಇಲ್ಲಿಗೆ ಬಂದ ಮೊದಲ ವರ್ಷಗಳಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಒಂದು ಏಪ್ರಿಲ್ ತಿಂಗಳ ಮಧ್ಯಾಹ್ನ ಆ ತಿಳಿವಳಿಕೆ ತಪ್ಪೆಂದು ಗೊತ್ತಾಯಿತು.

ಅರಸೀಕೆರೆ ರಸ್ತೆಯ ಒಂದು ಹಳ್ಳಿಯಲ್ಲಿ ಮನೆಯೊಂದಕ್ಕೆ ಮೋಲ್ಡ್ ಹಾಕುತ್ತಿದ್ದರು. ಮೋಲ್ಡ್ ಹಾಕುವ ಕೆಲಸವನ್ನು ಅರ್ಧಕ್ಕೆ ನಿಲ್ಲಿಸುವಂತಿಲ್ಲ. ಕಾಂಕ್ರೀಟ್ ಒಣಗುವುದರೊಳಗೆ ಮುಂದಿನ ಬಾಂಡಲಿ ಬೀಳಲೇಬೇಕು. ಸಕಲೇಶಪುರದ ಕಡೆಯಿಂದ ಎರಡು ದಿನದ ಹಿಂದಷ್ಟೇ ಕೆಲಸಕ್ಕೆ ಬಂದಿದ್ದ ಇಪ್ಪತ್ಮೂರು ವರ್ಷದ ಹುಡುಗನೊಬ್ಬ ಬೆಳಿಗ್ಗೆಯಿಂದ ಬಾಂಡಲಿ ಹೊತ್ತು, ಮೂರು ಗಂಟೆಯ ಹೊತ್ತಿಗೆ ಸಂಬಂಧವಿಲ್ಲದ ಮಾತಾಡತೊಡಗಿದನಂತೆ. ಜೊತೆಯವರು ಕುಡಿದಿರಬೇಕೆಂದುಕೊಂಡರು. ಕುಸಿದು ಬಿದ್ದು ಕೈಕಾಲು ಸೆಟೆದಾಗ ಮೂರ್ಛೆರೋಗವೆಂದು ಕೈಗೆ ಕಬ್ಬಿಣದ ಸರಳು ಹಿಡಿಸಿದರು. ಆಮೇಲೆ ಗೂಡ್ಸ್ ಆಟೋದಲ್ಲಿ ಮಲಗಿಸಿ, ಧೂಳು ಬೀಳದಿರಲೆಂದು ಮೇಲೆ ಟಾರ್ಪಾಲು ಹೊದಿಸಿ, ಮುಕ್ಕಾಲು ಗಂಟೆಯ ದಾರಿ ಸಾಗಿಸಿ ತಂದರು. ನಾನು ಕೈ ಮುಟ್ಟಿದಾಗ ಅವನ ಅಂಗಿ ಬೆವರಿನಿಂದ ಒದ್ದೆಯಾಗಿತ್ತು, ಅದರೊಳಗಿನ ಮೈ ಮಾತ್ರ ಆಗತಾನೇ ಒಲೆಯಿಂದಿಳಿಸಿದ ಪಾತ್ರೆಯಂತೆ ಸುಡುತ್ತಿತ್ತು. ಗುದದ್ವಾರದಲ್ಲಿಟ್ಟ ಥರ್ಮಾಮೀಟರ್ 41.6 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಮೂತ್ರ ತೆಗೆಯುವ ಕೊಳವೆ (ಕ್ಯಾಥೆಟರ್) ಹಾಕಿದಾಗ ಬಂದ ನಾಲ್ಕು ಚಮಚದಷ್ಟು ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣದಲ್ಲಿತ್ತು. ಶಾಖಕ್ಕೆ ಸ್ನಾಯುಗಳು ಕರಗಿ ರಕ್ತಕ್ಕೆ ಸೇರಿದಾಗ ಮೂತ್ರಕ್ಕೆ ಆ ಬಣ್ಣ ಬರುತ್ತದೆ. ಹಲವು ಸಲ ಡಯಾಲಿಸಿಸ್ ಆದ ಮೇಲೆ ಹುಡುಗ ಬದುಕಿ ಮನೆಗೆ ಹೋದ. ಅವನನ್ನು ಕರೆತಂದ ಮೇಸ್ತ್ರಿಯನ್ನು, ಅವನು ಬಿದ್ದ ಜಾಗದಲ್ಲಿ ನೀರಿರಲಿಲ್ಲವೇ ಎಂದು ಕೇಳಿದೆ. ಕಾಂಕ್ರೀಟ್ ಕಲಸಲು ಮೂರು ಡ್ರಮ್ ನೀರು ಹತ್ತೇ ಹೆಜ್ಜೆ ದೂರದಲ್ಲಿತ್ತು ಎಂದರು. ‘ಬೆವರಿದ ಮೈಮೇಲೆ ತಣ್ಣೀರು ಸುರಿದ್ರೆ ಸನ್ನಿ ಆಗುತ್ತೆ ಅಂತ ಹಾಕ್ಲಿಲ್ಲ ಸಾರ್’ ಎಂದೂ ಹೇಳಿದರು.

ಆ ಮೂರು ಡ್ರಮ್ ನೀರು ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ. ಈ ಲೇಖನ ಬರೆಯುವುದಕ್ಕೂ ಅದೇ ಕಾರಣ.

ದೇಹ ಶಾಖವನ್ನು ಹೊರಹಾಕುವ ಬಗೆಯನ್ನು ತಿಳಿಯಲು ಮನೆಯ ಮೂಲೆಯಲ್ಲಿರುವ ಮಣ್ಣಿನ ಮಡಕೆಯನ್ನು ನೋಡಿದರೆ ಸಾಕು. ಮಡಕೆಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ನಮ್ಮ ಚರ್ಮವೂ ಹಾಗೆಯೇ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಮೈಯಿಂದ ಹೊರಗೆ ಹೋಗುತ್ತದೆ. ಆದರೆ ಆವಿಯಾಗದೆ ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ತಂಪು ದೊರೆಯುವುದಿಲ್ಲ, ಒಳಗಿನ ನೀರು ಮತ್ತು ಉಪ್ಪು ಖಾಲಿಯಾಗುತ್ತವೆ ಅಷ್ಟೆ. ಮಳೆಗಾಲದಲ್ಲಿ ಮಡಕೆಯ ನೀರು ತಣ್ಣಗಾಗದಿರುವುದಕ್ಕೂ, ಅಶ್ವಿನಿ ಅಥವಾ ಭರಣಿ ಮಳೆಯ ಒಂದು ಹದ ಬಿದ್ದ ಮರುದಿನ ಬಿಸಿಲೇರಿದಾಗ ಆಗುವ ಸೆಕೆ ಒಣ ಬಿಸಿಲಿಗಿಂತ ಹೆಚ್ಚು ಬಳಲಿಸುವುದಕ್ಕೂ ಗಾಳಿಯ ತೇವವೇ ಕಾರಣ. ನೆರಳಿಲ್ಲದ ಜಾಗ, ಗಾಳಿಯಾಡದ ಕೋಣೆ, ಮೈತುಂಬ ಬಿಗಿಯಾದ ಬಟ್ಟೆ, ಜೊತೆಗೆ ದುಡಿಯುವ ಸ್ನಾಯುಗಳೇ ಹುಟ್ಟಿಸುವ ಶಾಖ, ಇವೆಲ್ಲ ಸೇರಿದಾಗ ಹೊರಹೋಗುವುದಕ್ಕಿಂತ ಒಳಗೆ ಉಳಿಯುವ ಶಾಖ ಹೆಚ್ಚಾಗುತ್ತದೆ.

ಇದನ್ನು ಜ್ವರದೊಂದಿಗೆ ಬೆರೆಸಬಾರದು. ಸೋಂಕಿನಿಂದ ಜ್ವರ ಬಂದಾಗ ಮೆದುಳು ತಾನೇ ದೇಹದ ಉಷ್ಣತೆಯ ಮಟ್ಟವನ್ನು ಮೇಲಕ್ಕೆ ನಿಗದಿ ಮಾಡಿಕೊಂಡಿರುತ್ತದೆ. ಪ್ಯಾರಾಸಿಟಮಾಲ್ ಆ ಮಟ್ಟವನ್ನು ಕೆಳಗಿಳಿಸುತ್ತದೆ. ಬಿಸಿಲಾಘಾತದಲ್ಲಿ ಮೆದುಳಿನ ನಿಗದಿ ಬದಲಾಗಿರುವುದಿಲ್ಲ, ಶಾಖ ಹೊರಹೋಗುವ ದಾರಿ ಮುಚ್ಚಿರುತ್ತದೆ. ಆದ್ದರಿಂದ ಅಲ್ಲಿ ಪ್ಯಾರಾಸಿಟಮಾಲ್ ಮಾತ್ರೆಯೂ ಇಂಜೆಕ್ಷನ್ನೂ ಕೆಲಸ ಮಾಡುವುದಿಲ್ಲ, ಅದಾಗಲೇ ಪೆಟ್ಟು ತಿಂದಿರುವ ಯಕೃತ್ತಿಗೆ ಇನ್ನಷ್ಟು ಭಾರವಾಗಬಹುದು. ಒಳಮೈ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್, ಅಂದರೆ ಮನೆಯ ಥರ್ಮಾಮೀಟರಿನ 104 ಡಿಗ್ರಿ ದಾಟಿ, ಜೊತೆಗೆ ಪ್ರಜ್ಞೆಯಲ್ಲಿ ಏರುಪೇರಾದರೆ ಅದೇ ಬಿಸಿಲಾಘಾತ. ಅದು ಎಷ್ಟು ಏರಿತು ಎಂಬುದರಷ್ಟೇ, ಎಷ್ಟು ಹೊತ್ತು ಹಾಗೆಯೇ ಉಳಿಯಿತು ಎಂಬುದರ ಮೇಲೂ ಜೀವ ನಿಂತಿದೆ. ದುಡಿಯುವಾಗ ಬಿದ್ದವರನ್ನು ಅರ್ಧ ಗಂಟೆಯೊಳಗೆ ತಣ್ಣಗಾಗಿಸಿದರೆ ಬಹುಪಾಲು ಜನ ಉಳಿಯುತ್ತಾರೆ. ಆ ಅರ್ಧ ಗಂಟೆ ಹಳ್ಳಿಯಲ್ಲಿ ಬಿದ್ದವರಿಗೆ ದಾರಿಯಲ್ಲೇ ಕಳೆದುಹೋಗುತ್ತದೆ. ನಾವು ಆಸ್ಪತ್ರೆಯಲ್ಲಿ ಮೊದಲು ಮಾಡುವುದೂ ತಣ್ಣಗಾಗಿಸುವ ಕೆಲಸವನ್ನೇ. ಅದಕ್ಕೆ ಬೇಕಾದ ಸಾಮಗ್ರಿ ನೀರು ಮತ್ತು ಗಾಳಿ.

ಹಾಗಾದರೆ ಗುರುತಿಸುವುದು ಹೇಗೆ? ಬಿಸಿಲಲ್ಲಿ ದುಡಿದವರಿಗೆ ತಲೆನೋವು, ವಾಕರಿಕೆ, ಕಣ್ಣು ಕತ್ತಲೆ, ಮೀನಖಂಡದ ಸೆಳೆತ ಬಂದರೆ ಅದು ಬಳಲಿಕೆಯ ಹಂತ. ನೆರಳಲ್ಲಿ ಮಲಗಿಸಿ, ಕಾಲು ಎತ್ತರಿಸಿ, ಉಪ್ಪು ಬೆರೆಸಿದ ಮಜ್ಜಿಗೆ ಕುಡಿಸಿದರೆ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಮಾತು ತಪ್ಪಿದರೆ ಹಂತ ದಾಟಿತೆಂದೇ ತಿಳಿಯಬೇಕು. ಹೆಸರೇನು, ಊರು ಯಾವುದು, ಬೆಳಿಗ್ಗೆ ಏನು ತಿಂದೆ ಎಂದು ಕೇಳಿ ನೋಡಿ. ಉತ್ತರ ತಡವರಿಸಿದರೂ, ಸಿಟ್ಟಿನಿಂದ ಕೂಗಾಡಿದರೂ, ನಡಿಗೆ ತೂರಾಡಿದರೂ ಕುಡಿದಿದ್ದಾರೆಂಬ ತೀರ್ಮಾನಕ್ಕೆ ಹೋಗಬೇಡಿ. ಬೆವರು ನಿಂತಿದ್ದರೆ ಮಾತ್ರ ಬಿಸಿಲಾಘಾತ ಎಂಬ ಮಾತನ್ನೂ ನಂಬಬೇಡಿ. ಮನೆಯೊಳಗೆ ಕೂತ ವೃದ್ಧರಲ್ಲಿ ಚರ್ಮ ಒಣಗಿರಬಹುದು, ದುಡಿಯುವ ಯುವಕರಲ್ಲಿ ಕೊನೆಯವರೆಗೂ ಬೆವರು ಸುರಿಯುತ್ತಿರಬಹುದು.

ಆಗ ಒಬ್ಬರು 108ಕ್ಕೆ ಕರೆ ಮಾಡಲಿ, ಉಳಿದವರು ಅದಕ್ಕಾಗಿ ಕಾಯದೆ ಅಂಗಿ, ಪ್ಯಾಂಟು, ಬೂಟು ತೆಗೆದು, ನೆತ್ತಿಯಿಂದ ಪಾದದವರೆಗೆ ನೀರು ಸುರಿಯಲಿ. ನೀರಿನ ತೊಟ್ಟಿಯಿದ್ದರೆ ತಲೆಯನ್ನು ಮೇಲೆ ಹಿಡಿದು ಕುತ್ತಿಗೆಯವರೆಗೆ ಮುಳುಗಿಸಬಹುದು. ತೋಟದಲ್ಲಾದರೆ ಪೈಪು ತಿರುಗಿಸಬಹುದು. ಏನೂ ಇಲ್ಲವಾದರೆ ಒದ್ದೆ ಬೆಡ್‌ಶೀಟು, ಪಂಚೆ, ಗೋಣಿತಾಟು ಯಾವುದಾದರೂ ಸರಿ, ಮೈಮೇಲೆ ಹಾಕಿ ಎರಡು ನಿಮಿಷಕ್ಕೊಮ್ಮೆ ಮತ್ತೆ ನೆನೆಸಿ, ಬಿಡದೆ ಗಾಳಿ ಹಾಕಬೇಕು. ಕಂಕುಳಲ್ಲಿ, ತೊಡೆಸಂದಿಯಲ್ಲಿ ಐಸ್ ಇಡುವುದು ಒಳ್ಳೆಯದೇ, ಆದರೆ ಅದಷ್ಟೇ ಸಾಲದು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು, ಸೋಡಾ, ಈರುಳ್ಳಿ ರಸ ಯಾವುದನ್ನೂ ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ತಣ್ಣೀರಿನಿಂದ ಸನ್ನಿಯಾಗುತ್ತದೆ, ಪಾರ್ಶ್ವವಾಯು ಬರುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಸನ್ನಿಯೆಂದು ಜನ ಕರೆಯುವ ಆ ಬಡಬಡಿಕೆ ಬಿಸಿಯಾದ ಮೆದುಳಿನಿಂದ ಬರುವಂಥದ್ದು. ಗಾಡಿ ಬಂದ ಮೇಲೂ ಕಿಟಕಿ ತೆರೆದಿಟ್ಟು, ನೀರು ಹಾಕುವುದನ್ನು ದಾರಿಯುದ್ದಕ್ಕೂ ಮುಂದುವರಿಸಬೇಕು.

ಆ ಹುಡುಗ ಸಕಲೇಶಪುರದ ಕಡೆಯವನು, ಬಂದು ಎರಡೇ ದಿನವಾಗಿತ್ತು ಎಂಬುದೂ ಮುಖ್ಯ. ದೇಹ ಬಿಸಿಲಿಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ಬೆವರು ಬೇಗ ಶುರುವಾಗುವುದನ್ನೂ, ಹೆಚ್ಚು ಬರುವುದನ್ನೂ, ಅದರಲ್ಲಿ ಉಪ್ಪು ಕಡಿಮೆ ಹೋಗುವುದನ್ನೂ ದೇಹ ಕಲಿಯುತ್ತದೆ. ರಕ್ತದ ನೀರಿನಂಶವೂ ಹೆಚ್ಚುತ್ತದೆ. ಕೆಲವು ವಾರ ಬಿಸಿಲಿನಿಂದ ದೂರವಿದ್ದರೆ ಕಲಿತದ್ದು ಮರೆತುಹೋಗುತ್ತದೆ. ತಂಪಿನಲ್ಲಿ ಬೆಳೆದ ನಮ್ಮ ಜಿಲ್ಲೆಯ ಮೈಗಳು ಬಿಸಿಲಿಗೆ ಹೆಚ್ಚು ಬಲಿಯಾಗುವುದು ಇದೇ ಕಾರಣಕ್ಕೆ. ಹೊಸಬರಿಗೆ ಮೊದಲ ದಿನ ಬಿಸಿಲಿನಲ್ಲಿ ಐದರಲ್ಲೊಂದು ಪಾಲಿನಷ್ಟೇ ಕೆಲಸ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಹೆಚ್ಚಿಸುತ್ತ ಹೋಗಬೇಕೆಂಬುದು ಕಾರ್ಮಿಕ ಆರೋಗ್ಯದ ಒಪ್ಪಿತ ಕ್ರಮ. ದಿನಗೂಲಿಯ ಲೆಕ್ಕದಲ್ಲಿ ಇದು ಕಷ್ಟವೆಂದು ಬಲ್ಲೆ. ಆದರೂ ಹೊಸಬನನ್ನು ಮೊದಲ ವಾರ ಮೋಲ್ಡಿನ ಮೇಲೆ ಹತ್ತಿಸದೆ ಕೆಳಗೆ ನೆರಳಲ್ಲಿ ಕಲಸುವ ಕೆಲಸಕ್ಕೆ ಹಾಕುವುದರಿಂದ ಯಾರಿಗೂ ನಷ್ಟವಿಲ್ಲ.

ಪತ್ರಿಕೆಯಲ್ಲಿ ಬರುವ ಅಂಕಿಯನ್ನೂ ಸರಿಯಾಗಿ ಓದಬೇಕು. ಭಾರತೀಯ ಹವಾಮಾನ ಇಲಾಖೆ ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ, ಗುಡ್ಡಗಾಡಿನಲ್ಲಿ ಕನಿಷ್ಠ 30 ಡಿಗ್ರಿ ಮುಟ್ಟಿ, ಅದು ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದಾಗ ಬಿಸಿಗಾಳಿ ಎನ್ನುತ್ತದೆ. ಹಾಸನದಲ್ಲಿ 36 ಡಿಗ್ರಿ ಎಂದು ಓದಿದಾಗ ಅಪಾಯವಿಲ್ಲವೆನಿಸುತ್ತದೆ. ಆ 36 ಡಿಗ್ರಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ ನೆರಳಿನಲ್ಲಿ ಅಳೆದದ್ದು. ತಾರಸಿಯ ಮೇಲೆ ಕಬ್ಬಿಣ ಕಟ್ಟುವವರ, ಕಣದಲ್ಲಿ ಮೆಣಸು ಹರಡುವವರ ಮೈಗೆ ತಾಗುವ ಶಾಖ ಅದಕ್ಕಿಂತ ಬಹಳ ಹೆಚ್ಚು.

ಇನ್ನು ಮನೆಯೊಳಗಿನ ವೃದ್ಧರ ವಿಚಾರ. ನಮ್ಮ ಕಡೆ ‘ಉಷ್ಣ ಆಗಿದೆ’ ಎಂಬ ಒಂದೇ ಮಾತಿನಲ್ಲಿ ಬಾಯಿಹುಣ್ಣು, ಕಣ್ಣುರಿ, ಉರಿಮೂತ್ರ, ಮೂಲವ್ಯಾಧಿ ಎಲ್ಲವೂ ಅಡಗಿರುತ್ತವೆ. ಆದ್ದರಿಂದ ಅಜ್ಜಿ ಎರಡು ದಿನದಿಂದ ‘ಉಷ್ಣ, ತಲೆ ಸುತ್ತು’ ಎನ್ನುತ್ತಿದ್ದರೆ ಮನೆಯವರು ನೆತ್ತಿಗೆ ಹರಳೆಣ್ಣೆ ಹಚ್ಚಿ, ಕಾಮಕಸ್ತೂರಿ ಬೀಜದ ನೀರು ಕೊಟ್ಟು ಸುಮ್ಮನಾಗುತ್ತಾರೆ. ಅದರಿಂದ ತೊಂದರೆಯೇನೂ ಇಲ್ಲ, ಆದರೆ ಅವರು ಮೂತ್ರಕ್ಕೆ ಹೋಗಿ ಎಷ್ಟು ಹೊತ್ತಾಯಿತು, ಬಣ್ಣ ಹೇಗಿತ್ತು ಎಂದು ಕೇಳುವವರು ಕಡಿಮೆ. ವಯಸ್ಸಾದಂತೆ ಬಾಯಾರಿಕೆಯೇ ಕುಂದುತ್ತದೆ. ಬಿ.ಪಿ.ಗೆ ಕೊಡುವ, ಮೂತ್ರ ಹೆಚ್ಚಿಸುವ ಮಾತ್ರೆಗಳು ನೀರನ್ನೂ ಉಪ್ಪನ್ನೂ ಹೊರಹಾಕುತ್ತವೆ. ಬೀಟಾ ಬ್ಲಾಕರ್ ಗುಂಪಿನ ಮಾತ್ರೆಗಳು ಹೃದಯ ವೇಗ ಹೆಚ್ಚಿಸಿಕೊಂಡು ಚರ್ಮಕ್ಕೆ ರಕ್ತ ಕಳಿಸುವುದನ್ನು ತಡೆಯುತ್ತವೆ. ನಿದ್ದೆ ಬರಿಸುವ ನೆಗಡಿ ಮಾತ್ರೆಗಳು, ಮಾನಸಿಕ ಕಾಯಿಲೆಯ ಕೆಲವು ಔಷಧಗಳು ಬೆವರನ್ನೇ ಕಡಿಮೆ ಮಾಡುತ್ತವೆ. ಇವನ್ನು ನೀವಾಗಿಯೇ ನಿಲ್ಲಿಸಬಾರದು. ಯುಗಾದಿಯ ಹೊತ್ತಿಗೆ ಒಮ್ಮೆ ವೈದ್ಯರ ಬಳಿ ಹೋಗಿ, ಮಲಗಿದಾಗ ಮತ್ತು ನಿಂತಾಗ ಎರಡೂ ಬಾರಿ ಬಿ.ಪಿ. ನೋಡಿಸಿ, ಬೇಸಿಗೆಗೆ ಪ್ರಮಾಣ ಇಳಿಸಬೇಕೇ ಎಂದು ಕೇಳಿ. ಈ ಒಂದು ಪ್ರಶ್ನೆಯನ್ನು ರೋಗಿಗಳು ಕೇಳಲಿ ಎಂದು ನಾನು ಪ್ರತಿ ವರ್ಷ ಆಸೆಪಡುತ್ತೇನೆ.

ಕುಡಿಯುವುದರ ಬಗ್ಗೆ ನಮ್ಮ ಹಿರಿಯರ ಅಡುಗೆಮನೆಯೇ ಸಾಕಷ್ಟು ಕಲಿಸಿದೆ. ಕರುಳು ಉಪ್ಪನ್ನು ಹೀರಿಕೊಳ್ಳುವಾಗ ಜೊತೆಯಲ್ಲಿ ಗ್ಲೂಕೋಸ್ ಇದ್ದರೆ ಎರಡೂ ಬೇಗ ಒಳಹೋಗುತ್ತವೆ, ನೀರು ಅವುಗಳ ಹಿಂದೆ ಹೋಗುತ್ತದೆ. ಓಆರ್‌ಎಸ್ ನಿಂತಿರುವುದು ಇದರ ಮೇಲೆಯೇ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ಡಾ. ದಿಲೀಪ್ ಮಹಲನಬೀಸ್ ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನೇ ಕುಡಿಸಿ ಸಾವಿರಾರು ಜೀವ ಉಳಿಸಿದರು. ಶ್ರೀರಾಮನವಮಿಯ ದಿನ ಬೆಲ್ಲದ ಪಾನಕವನ್ನೂ ಉಪ್ಪಿನ ನೀರುಮಜ್ಜಿಗೆಯನ್ನೂ ಒಟ್ಟಿಗೇ ಕೊಡುತ್ತಾರಲ್ಲ, ಆ ಎರಡು ಲೋಟಗಳಲ್ಲಿ ಇದೇ ಜೋಡಿಯಿದೆ. ಉಪ್ಪು ಹಾಕಿ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿಯಲ್ಲಂತೂ ಹಿಟ್ಟೇ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ದುಡಿಯುವವರು ಬಾಯಾರುವವರೆಗೆ ಕಾಯದೆ ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಂದು ಲೋಟ ಕುಡಿಯಬೇಕು. ದಿನವಿಡೀ ಬೆವರು ಸುರಿಸಿ ಬರೀ ನೀರನ್ನೇ ಕೊಡಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಅದೇ ಬೇರೊಂದು ತೊಂದರೆಯಾಗುತ್ತದೆ. ಎಳನೀರು ಒಳ್ಳೆಯದು, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಕಿಡ್ನಿ ಕಾಯಿಲೆಯವರು ಸೆಕೆಯೆಂದು ದಿನಕ್ಕೆ ಎರಡು ಮೂರು ಎಳನೀರು ಕುಡಿದರೆ ಹೃದಯದ ಬಡಿತವೇ ತಪ್ಪಬಹುದು. ಹೃದಯದ ದುರ್ಬಲತೆಗಾಗಿ ನೀರು ಮಿತಿಗೊಳಿಸಿಕೊಂಡವರೂ ಮಿತಿ ಎಷ್ಟು ಸಡಿಲಿಸಬಹುದೆಂದು ಕೇಳಿಯೇ ಮುಂದುವರಿಯಬೇಕು.

ಮನೆಯ ವಿಷಯದಲ್ಲಿ ಹೆಚ್ಚು ಹೇಳಲಾರೆ. ಹೆಂಚಿನ ಮನೆಗಳು ಹೋಗಿ ಶೀಟು ಮತ್ತು ತಾರಸಿ ಬಂದಿವೆ. ಹಗಲೆಲ್ಲ ಹೀರಿದ ಶಾಖವನ್ನು ತಾರಸಿ ರಾತ್ರಿ ಕೋಣೆಯೊಳಗೆ ಬಿಡುತ್ತದೆ, ದೇಹಕ್ಕೆ ಚೇತರಿಸಿಕೊಳ್ಳಲು ಇರುವ ಆ ಕೆಲವು ಗಂಟೆಗಳೂ ಹೋಗುತ್ತವೆ. ತಾರಸಿಗೆ ದಟ್ಟವಾಗಿ ಸುಣ್ಣ ಬಳಿಯುವುದು, ನಡುಹಗಲು ಕಿಟಕಿ ಮುಚ್ಚಿ ಸಂಜೆಯ ತಂಪು ಬಿದ್ದ ಮೇಲೆ ತೆರೆಯುವುದು, ಒದ್ದೆ ಟವೆಲನ್ನು ಹೆಗಲಿಗೆ ಹಾಕಿ ಫ್ಯಾನಿನ ಕೆಳಗೆ ಕೂರುವುದು ಖರ್ಚಿಲ್ಲದ ಉಪಾಯಗಳು. ಫ್ರಿಡ್ಜ್ ಇಲ್ಲದ ಮಧುಮೇಹಿಗಳು ಇನ್ಸುಲಿನ್ ಸೀಸೆಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಅರ್ಧ ನೀರು ತುಂಬಿದ ಮಡಕೆಯೊಳಗೆ ಇಟ್ಟರೆ ಅದು ಕೆಡದೆ ಉಳಿಯುತ್ತದೆ.

ಆ ಮೇಸ್ತ್ರಿ ಈಗಲೂ ವರ್ಷಕ್ಕೊಮ್ಮೆ ಸಕ್ಕರೆ ಕಾಯಿಲೆ ತೋರಿಸಲು ಬರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಅವರ ಮೋಲ್ಡಿನ ಕೆಲಸ ಬೆಳಗಿನ ಜಾವ ನಾಲ್ಕಕ್ಕೆ ಲೈಟು ಹಾಕಿಕೊಂಡು ಶುರುವಾಗಿ ಹನ್ನೊಂದರೊಳಗೆ ಮುಗಿಯುತ್ತದೆ. ಕಲಸುವ ನೀರಿನ ಡ್ರಮ್ಮುಗಳಲ್ಲದೆ ಇನ್ನೊಂದನ್ನು ತುಂಬಿಸಿ ನೆರಳಲ್ಲಿ ಇಡಿಸುತ್ತಾರಂತೆ, ಅದರ ಬಾಯಿಗೆ ಒಂದು ಚೊಂಬು ಕಟ್ಟಿ. ಅದರ ನೀರನ್ನು ಕಾಂಕ್ರೀಟಿಗೆ ಬಳಸಲು ಯಾರಿಗೂ ಬಿಡುವುದಿಲ್ಲವಂತೆ.