ಫೋಟೊ ಇರಲಿ, ಫ್ರೆಂಡ್ಸ್ ಲಿಸ್ಟ್ ಯಾರ್ಯಾರಿಗೆ ಕಾಣ್ತಿದೆ?

ಕಳೆದ ತಿಂಗಳು ಗದಗಿನಿಂದ ನಿವೃತ್ತ ಮಾಸ್ತರೊಬ್ಬರು ಹುಬ್ಬಳ್ಳಿಯ ನಮ್ಮ ಆಫೀಸಿಗೆ ಬಂದಿದ್ದರು. ಕೂತವರೇ ಮೊಬೈಲ್ ಮುಂದಿಟ್ಟರು. "ಪ್ರೊಫೈಲ್ ಲಾಕ್ ಮಾಡೀನ್ರಿ ಸರ್. ನನ್ನ ಮಗಾನ ಮಾಡಿಕೊಟ್ಟಾನ. ಆದ್ರೂ ನನ್ನ ಹೆಸರಿನ್ಯಾಗ ಇನ್ನೊಬ್ಬ ಹುಟ್ಕೊಂಡಾನ."

ಆ ಇನ್ನೊಬ್ಬ ಆಡಿದ್ದು ಹಳೆಯ ಆಟ. ಮಾಸ್ತರರ ಹೆಸರು, ಫೋಟೊ ಎತ್ತಿಕೊಂಡು ಫೇಸ್‌ಬುಕ್‌ನಲ್ಲಿ ಹೊಸ ಖಾತೆ ತೆರೆದಿದ್ದ. ಅವರ ಗೆಳೆಯರಿಗೆ, ಹಳೆಯ ವಿದ್ಯಾರ್ಥಿಗಳಿಗೆ ರಿಕ್ವೆಸ್ಟ್ ಕಳಿಸಿದ್ದ. ಆಮೇಲೆ ಮೆಸೆಂಜರ್‌ನಲ್ಲಿ ಆ ಮಾಮೂಲಿ ಕತೆ: ನನ್ನ ಸ್ನೇಹಿತರು ಸಿಆರ್‌ಪಿಎಫ್‌ನಲ್ಲಿ ಆಫೀಸರ್, ಅವರಿಗೆ ವರ್ಗ ಆಗಿದೆ, ಫ್ರಿಜ್ಜು, ಸೋಫಾ, ಮಂಚ ಎಲ್ಲ ಅಗ್ಗಕ್ಕೆ ಕೊಡ್ತಿದ್ದಾರೆ. ಇಂಥ ಮೆಸೇಜ್ ನಿಮಗೂ ಬಂದಿರಬಹುದು. ಬೆಟಗೇರಿಯ ಒಬ್ಬ ಹಳೆಯ ವಿದ್ಯಾರ್ಥಿ, ನಮ್ಮ ಸರ್ ಹೇಳಿದ ಮೇಲೆ ಮುಗೀತು ಅಂತ 18 ಸಾವಿರ ರೂಪಾಯಿ ಹಾಕಿಬಿಟ್ಟ.

ಹೀಗೆ ಆದವರೆಲ್ಲ ಮೊದಲು ಕೇಳುವುದು, ನನ್ನ ಫೋಟೊ ಅವನಿಗೆ ಹೇಗೆ ಸಿಕ್ಕಿತು ಅಂತ. ಫೋಟೊ ಎಲ್ಲಿ ಬೇಕಾದರೂ ಸಿಗುತ್ತದೆ. ಬೀಳ್ಕೊಡುಗೆ ಸಮಾರಂಭದ ಫೋಟೊವನ್ನು ಹತ್ತು ಜನ ಹಾಕಿರುತ್ತಾರೆ. ನನ್ನ ಪ್ರಶ್ನೆ ಬೇರೆ. ಆ ವಿದ್ಯಾರ್ಥಿ ನಿಮ್ಮ ಮಾತು ತೆಗೆದುಹಾಕುವವನಲ್ಲ ಅಂತ ಕಳ್ಳನಿಗೆ ಹೇಗೆ ಗೊತ್ತಾಯ್ತು? ಮುಖ ಕದ್ದರೆ ದುಡ್ಡು ಬರುವುದಿಲ್ಲ. ಆ ಮುಖವನ್ನು ನಂಬುವವರ ಪಟ್ಟಿ ಬೇಕು.

ನಮ್ಮ ಕಡೆ ಮದುವೆಯಲ್ಲಿ ಆಯೇರ ಬರೆದುಕೊಳ್ಳುವ ನೋಟ್‌ಬುಕ್ ಇರುತ್ತದೆ ಅಲ್ವಾ? ಯಾರು, ಯಾವ ಊರು, ಎಷ್ಟು ಹತ್ತಿರದವರು ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ಮದುವೆ ಮುಗಿದ ಮೇಲೆ ಅದು ಟ್ರಂಕಿನೊಳಗೆ ಹೋಗುತ್ತದೆ. ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಅದನ್ನು ಯಾರೂ ಬಿಟ್ಟು ಬರುವುದಿಲ್ಲ. ಫ್ರೆಂಡ್ಸ್ ಲಿಸ್ಟ್ ಅಂದರೆ ಅದೇ ನೋಟ್‌ಬುಕ್.

ಇದು ಫೇಸ್‌ಬುಕ್‌ಗೂ ಚೆನ್ನಾಗಿ ಗೊತ್ತು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಕಾಬೂಲ್‌ಗೆ ನುಗ್ಗಿದಾಗ, ಅಫ್ಘಾನಿಸ್ತಾನದ ಖಾತೆಗಳ ಫ್ರೆಂಡ್ಸ್ ಲಿಸ್ಟ್ ಯಾರಿಗೂ ಕಾಣದಂತೆ ಕಂಪನಿಯೇ ಮುಚ್ಚಿತು. 2022ರಲ್ಲಿ ಯುದ್ಧ ಶುರುವಾದಾಗ ಉಕ್ರೇನ್‌ನಲ್ಲೂ ಹಾಗೇ ಮಾಡಿತು. ಯಾರಿಗೆ ಯಾರು ಬೇಕಾದವರು ಅನ್ನುವುದೇ ಅಲ್ಲಿ ಜೀವಕ್ಕೆ ಸಂಚಕಾರ ಆಗಿತ್ತು. 2018ರ ಕೇಂಬ್ರಿಡ್ಜ್ ಅನಾಲಿಟಿಕಾ ಹಗರಣವೂ ಪಟ್ಟಿಯ ಕತೆಯೇ. ಒಂದು ಕ್ವಿಜ್ ಆ್ಯಪ್ ಮೂಲಕ ಫೇಸ್‌ಬುಕ್ ಬಳಕೆದಾರರ ಮಾಹಿತಿ ಆ ಹೆಸರಿನ ಚುನಾವಣಾ ಸಲಹಾ ಕಂಪನಿಯ ಕೈ ಸೇರಿತ್ತು. ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು ಬರೀ 335 ಜನ. ಅವರ ಫ್ರೆಂಡ್ಸ್ ಲಿಸ್ಟ್‌ನಲ್ಲಿ ಇದ್ದ ತಪ್ಪಿಗೆ ಇನ್ನೂ 5,62,120 ಜನರ ಮಾಹಿತಿ ಹೋಗಿರಬಹುದು ಅಂತ ಫೇಸ್‌ಬುಕ್ಕೇ ಹೇಳಿತು.

ಈಗ ಮಾಸ್ತರರ ಲಾಕ್ ವಿಷಯಕ್ಕೆ ಬರೋಣ. ಪ್ರೊಫೈಲ್ ಲಾಕ್ ಭಾರತಕ್ಕೆ ಬಂದಿದ್ದು 2020ರ ಮೇ ತಿಂಗಳಲ್ಲಿ. ಒಳ್ಳೆಯ ಸೌಲಭ್ಯವೇ. ಹೊರಗಿನವರಿಗೆ ಪೋಸ್ಟು, ದೊಡ್ಡ ಫೋಟೊ ಕಾಣುವುದಿಲ್ಲ. ಹಿಂದೆ ಪಬ್ಲಿಕ್ ಅಂತ ಹಾಕಿದ್ದೂ ಫ್ರೆಂಡ್ಸ್‌ಗೆ ಮಾತ್ರ ಅಂತ ಆಗುತ್ತದೆ. ಆದರೆ ಲಾಕ್ ಕೆಲಸ ಮಾಡುವುದು ಹೊರಗಿನವರ ಮೇಲೆ. ಕಳ್ಳ ಒಳಗೇ ಕೂತಿದ್ದರೆ ಕೀಲಿ ಏನು ಮಾಡುತ್ತದೆ?

ಮಾಸ್ತರರ ಲಿಸ್ಟಿನಲ್ಲಿ 2,300 ಜನ ಇದ್ದರು. ಅದರಲ್ಲಿ ಒಂದು ಖಾತೆ ನನಗೆ ಸರಿ ಕಾಣಲಿಲ್ಲ. ಹೂವಿನ ಫೋಟೊ, ಒಂದೂ ಪೋಸ್ಟ್ ಇಲ್ಲ. "ಇವರನ್ನ ಯಾಕೆ ಸೇರಿಸಿಕೊಂಡ್ರಿ?" ಅಂದೆ. "ಮ್ಯೂಚುವಲ್ ಫ್ರೆಂಡ್ಸ್ 41 ಅಂತ ಬಂತಲ್ರಿ. ನಮ್ಮವರೇ ಇರಬೇಕು ಅಂತ ಒತ್ತಿದೆ" ಅಂದರು. ಇದೇ ಗಾಳ. ಮೊದಲನೆಯವರು ಸುಮ್ನೆ ಒಪ್ಪುತ್ತಾರೆ. ಎರಡನೆಯವರಿಗೆ ಒಬ್ಬ ಪರಿಚಯದವರು ಕಾಣುತ್ತಾರೆ, ಅವರೂ ಒಪ್ಪುತ್ತಾರೆ. ಹತ್ತನೆಯವರ ಹೊತ್ತಿಗೆ ಆ ಖಾತೆ ಊರಿನವರದೇ ಅನ್ನಿಸತೊಡಗುತ್ತದೆ. 41 ಅಂದರೆ ನಿಮಗಿಂತ ಮೊದಲು 41 ಜನ ನೋಡದೇ ಒತ್ತಿದ್ದಾರೆ ಅಂತಲೂ ಇರಬಹುದು!

ಮೆನು ತೆಗೆದು ಸೆಟ್ಟಿಂಗ್ಸ್‌ಗೆ ಹೋದೆವು. ಅಲ್ಲಿ 'ಹೌ ಪೀಪಲ್ ಫೈಂಡ್ ಅಂಡ್ ಕಾಂಟ್ಯಾಕ್ಟ್ ಯು' ಅಂತ ಒಂದು ಸಾಲಿದೆ. ಅದರೊಳಗೆ 'ಹೂ ಕ್ಯಾನ್ ಸೀ ಯುವರ್ ಫ್ರೆಂಡ್ಸ್ ಲಿಸ್ಟ್' ಅಂತ ಕೇಳುತ್ತದೆ. ಅಲ್ಲಿ 'ಓನ್ಲಿ ಮಿ' ಒತ್ತಿ. ಒಳಗೆ ಬಂದು ಕೂತವನಿಗೂ ಪಟ್ಟಿ ಕಾಣುವುದಿಲ್ಲ. ಅದೇ ಪುಟದಲ್ಲಿ ರಿಕ್ವೆಸ್ಟ್ ಯಾರು ಕಳಿಸಬಹುದು, ಫೋನ್ ನಂಬರ್ ಹಾಕಿ ನಿಮ್ಮನ್ನು ಯಾರು ಹುಡುಕಬಹುದು ಅಂತಲೂ ಇದೆ. ನಂಬರಿನದಕ್ಕೂ 'ಓನ್ಲಿ ಮಿ' ಇಡಿ. ಎಲ್ಲ ಸೇರಿ ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ.

ಇದರಲ್ಲೂ ಎರಡು ಸಂದಿ ಉಳಿಯುತ್ತವೆ. ಮ್ಯೂಚುವಲ್ ಫ್ರೆಂಡ್ಸ್ ಆಗಲೂ ಕಾಣುತ್ತಾರೆ, ಅದನ್ನು ಮುಚ್ಚಲು ಬರುವುದಿಲ್ಲ. ಇನ್ನೊಂದು, ನಿಮ್ಮ ಗೆಳೆಯ ತನ್ನ ಲಿಸ್ಟ್ ಪಬ್ಲಿಕ್ ಇಟ್ಟಿದ್ದರೆ ನಿಮ್ಮ ಹೆಸರು ಅವನ ಲಿಸ್ಟಿನಲ್ಲಿ ಕಾಣುತ್ತದೆ. ಹಾಗಾಗಿ ನಾನು ಧಾರವಾಡದ ಕಾಲೇಜುಗಳಿಗೆ ಹೋದಾಗ, ನಿಮ್ಮದನ್ನು ಮುಚ್ಚಿಕೊಳ್ಳಿ ಅನ್ನುವುದಕ್ಕಿಂತ ಮನೆಯವರೆಲ್ಲರ ಮೊಬೈಲ್ ಇಸಿದುಕೊಂಡು ಮುಚ್ಚಿ ಬನ್ನಿ ಅನ್ನುತ್ತೇನೆ.

ಅಲ್ಲಿನ ಹುಡುಗಿಯರ ಕಷ್ಟ ಬೇರೆ. "ಸೋದರಮಾವ ಎಲ್ಲಾ ಫೋಟೊ ನೋಡಿ ಅವ್ವಗ ಫೋನ್ ಮಾಡ್ತಾರ್ರಿ. ಅನ್‌ಫ್ರೆಂಡ್ ಮಾಡಿದ್ರ ಜಾತ್ರ್ಯಾಗ ಮಾರಿ ಹೆಂಗ ತೋರಸೂದು?" ಅನ್‌ಫ್ರೆಂಡ್ ಮಾಡಿದರೆ ಫೇಸ್‌ಬುಕ್ ಮಾವನಿಗೆ ಸುದ್ದಿ ಮುಟ್ಟಿಸುವುದಿಲ್ಲ. ಮಾವ ತಾನೇ ಹುಡುಕಿದರೆ ಗೊತ್ತಾಗುತ್ತದೆ. ಅದಕ್ಕೇ 'ರಿಸ್ಟ್ರಿಕ್ಟೆಡ್' ಅಂತ ಒಂದು ಪಟ್ಟಿ ಇದೆ. ಮಾವನನ್ನು ಅದರೊಳಗೆ ಹಾಕಿದರೆ ಫ್ರೆಂಡ್ ಆಗಿಯೇ ಇರುತ್ತಾರೆ, ಆದರೆ ನೀವು ಪಬ್ಲಿಕ್ ಹಾಕಿದ್ದು ಮಾತ್ರ ಕಾಣುತ್ತದೆ. ಅಂದರೆ ಮಾವ ಪಡಸಾಲೆಯಲ್ಲೇ ಇರುತ್ತಾರೆ, ಅಡುಗೆ ಮನೆಗೆ ಬರುವುದಿಲ್ಲ. ಯುಗಾದಿ ಶುಭಾಶಯವನ್ನು ಪಬ್ಲಿಕ್ ಹಾಕಿ, ಮಾವನಿಗೂ ಸಮಾಧಾನ.

ಇನ್‌ಸ್ಟಾಗ್ರಾಮ್ ವಿಷಯ ಸಣ್ಣದು. ಖಾತೆ ಪಬ್ಲಿಕ್ ಇದ್ದರೆ ಫಾಲೋವರ್ಸ್ ಪಟ್ಟಿಯನ್ನು ಫೇಸ್‌ಬುಕ್‌ನಂತೆ ಮುಚ್ಚಲು ಆಗುವುದಿಲ್ಲ. ಪ್ರೈವೇಟ್ ಮಾಡಿ, ಬೇಡದವರನ್ನು ಫಾಲೋವರ್ಸ್‌ನಿಂದ ತೆಗೆಯಿರಿ. ಅವರಿಗೆ ನೋಟಿಫಿಕೇಶನ್ ಹೋಗುವುದಿಲ್ಲ.

ವ್ಯಾಪಾರಸ್ಥರದು ಮಾತ್ರ ನಿಜವಾದ ಗೋಳು. ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ವ್ಯಾಪಾರಿ ತಮ್ಮ ಪ್ರೊಫೈಲನ್ನೇ ಅಂಗಡಿ ಮಾಡಿಕೊಂಡಿದ್ದರು. ಫ್ರೆಂಡ್ಸ್ 5,000 ತುಂಬಿತ್ತು, ಅದಕ್ಕಿಂತ ಜಾಸ್ತಿ ಫೇಸ್‌ಬುಕ್ ಬಿಡುವುದಿಲ್ಲ. ಎಲ್ಲ ಗಿರಾಕಿಗಳೂ ಆ ಲಿಸ್ಟಿನಲ್ಲಿ, ಲಿಸ್ಟ್ ಪಬ್ಲಿಕ್. ನಕಲಿ ಖಾತೆಯವನು ಅವರ ಗಿರಾಕಿಗಳಿಗೇ, ಅಡ್ವಾನ್ಸ್ ಈ ನಂಬರಿಗೆ ಹಾಕ್ರಿ ಅಂತ ಬರೆದ. ಅವರಿಗೆ ನಾನು ಹೇಳಿದ್ದು ಇಷ್ಟೇ: ಅಂಗಡಿಗೆ ಪೇಜ್ ಮಾಡಿ, ಮನೆಗೆ ಪ್ರೊಫೈಲ್ ಇಟ್ಟುಕೊಳ್ಳಿ. ಪೇಜ್‌ಗೆ 5,000ದ ಮಿತಿ ಇಲ್ಲ. ಇನ್ನೂ ಮಾಡಿಲ್ಲ ಅವರು. ಸೀಸನ್ ಮುಗೀಲಿ ಅಂತಾರೆ.

ನಕಲಿ ಖಾತೆ ಈಗಾಗಲೇ ಹುಟ್ಟಿದ್ದರೆ ಒಂದು ಮಾತು ತಿಳಿದಿರಲಿ. ಆ ಖಾತೆ ನಿಮ್ಮ ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ಸಿಗದಿರಬಹುದು, ಏಕೆಂದರೆ ಅವನು ನಿಮ್ಮನ್ನು ಮೊದಲೇ ಬ್ಲಾಕ್ ಮಾಡಿರುತ್ತಾನೆ. ರಿಕ್ವೆಸ್ಟ್ ಬಂದ ಗೆಳೆಯರ ಮೊಬೈಲಿನಿಂದಲೇ ರಿಪೋರ್ಟ್ ಮಾಡಿಸಿ. ಪ್ರೊಫೈಲಿನ ಲಿಂಕ್, ಸ್ಕ್ರೀನ್‌ಶಾಟ್ ಎತ್ತಿಟ್ಟುಕೊಳ್ಳಿ. ದುಡ್ಡು ಹೋಗಿದ್ದರೆ ಬೇರೆಲ್ಲ ಬಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಳ್ಳ ಹಣ ತೆಗೆಯುವ ಮುಂಚೆ ತಡೆಯಲು ಆಗ ಅವಕಾಶ ಇರುತ್ತದೆ. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ. ಇನ್ನೊಬ್ಬರ ಸೋಗು ಹಾಕಿ ಆನ್‌ಲೈನ್‌ನಲ್ಲಿ ಮೋಸ ಮಾಡಿದರೆ ಐಟಿ ಕಾಯ್ದೆಯ 66ಡಿ ಕಲಂ ಪ್ರಕಾರ 3 ವರ್ಷದವರೆಗೆ ಜೈಲು ಇದೆ. ಬೆಟಗೇರಿಯ ಹುಡುಗ ನಾಚಿಕೆಯಿಂದ ನಾಲ್ಕು ದಿನ ಯಾರಿಗೂ ಹೇಳಿರಲಿಲ್ಲ. ಆ ನಾಲ್ಕು ದಿನದಲ್ಲಿ ಹಣ ದಾಟಿ ಹೋಗಿತ್ತು.

ಕೊನೆಗೆ ಮಾಸ್ತರು, ನಾನು ಕೂತು ಅವರ ಲಿಸ್ಟ್ ಸೋಸಲು ಶುರು ಮಾಡಿದೆವು. ಅರ್ಧ ಗಂಟೆಯಲ್ಲಿ 140 ಹೆಸರು ಹೋದವು. ಒಂದು ಹೆಸರಿಗೆ ಬಂದಾಗ ಮಾಸ್ತರು ನನ್ನ ಕೈ ಹಿಡಿದರು. "ಇವರು ತೀರಿಕೊಂಡು ಮೂರು ವರ್ಷ ಆತ್ರಿ. ಇರ್ಲಿ ಬಿಡ್ರಿ." ಅಂಥ ಖಾತೆಯನ್ನು ಮನೆಯವರು ಕೇಳಿಕೊಂಡರೆ ಫೇಸ್‌ಬುಕ್ ಸ್ಮರಣೆಯ ಖಾತೆ ಮಾಡುತ್ತದೆ, ಆಮೇಲೆ ಅದಕ್ಕೆ ಯಾರೂ ಲಾಗಿನ್ ಆಗಲು ಬರುವುದಿಲ್ಲ ಅಂತ ಹೇಳಿದೆ. ಅವರ ಮಗನಿಗೆ ಹೇಳ್ತೀನಿ ಅಂದರು.

ಮುಂದಿನ ಹೆಸರಿಗೆ ಬಂದೆ. "ಇವರ್ಯಾರ್ರಿ?"

ಮಾಸ್ತರು ಕನ್ನಡಕ ಏರಿಸಿ ನೋಡಿದರು. "ಅದನ್ನ ನಿಮ್ಮನ್ನ ಕೇಳಬೇಕು ಅಂತಾನ ಬಂದೀನ್ರಿ."